ಅಮೆರಿಕಕ್ಕೆ ಹೋಗಿ ಸುದ್ದಿ ಬರೆಯಲು ಟೂರಿಸ್ಟ್ ವೀಸಾ ಸಾಕಾ?

ಪೆರ್ಲದ ಸುದ್ದಿಗಾರ

ನಮಸ್ಕಾರ. ನಾನು 11 ವರ್ಷದಿಂದ ಕಾಸರಗೋಡಿನಲ್ಲಿ ಬಿಡಿ ಸುದ್ದಿಗಾರ, ಅಂದರೆ ಫ್ರೀಲಾನ್ಸ್. ಪಂಚಾಯತ್ ಸಭೆ, ಅಡಿಕೆ ಕೊಳೆರೋಗ, ಯಕ್ಷಗಾನ, ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆಂದು ಗಲಾಟೆ, ಇಷ್ಟೇ ನನ್ನ ಬೀಟ್. ಈಗ ಮಂಗಳೂರಿನ ಒಂದು ವೆಬ್ ಪತ್ರಿಕೆಯವರು ಆರು ತಿಂಗಳು ನ್ಯೂಜೆರ್ಸಿಯಲ್ಲಿದ್ದು ಬರೆಯಿರಿ ಅಂದಿದ್ದಾರೆ. ಅಣ್ಣನ ಮನೆ ಅಲ್ಲೇ ಇರುವುದರಿಂದ ಊಟ, ವಸತಿಗೆ ತೊಂದರೆ ಇಲ್ಲ.

ಇಲ್ಲಿನ ಏಜೆಂಟ್ ಒಬ್ಬರು, "ಟೂರಿಸ್ಟ್ ವೀಸಾದಲ್ಲಿ ಹೋಗಿ ಮಾರಾಯ್ರೇ. ನೀವು ಒಳಗೆ ಕೂತು ಟೈಪ್ ಮಾಡಿದರೆ ಯಾರಿಗೆ ಗೊತ್ತಾಗ್ತದೆ?" ಅಂದರು. ಹೆಂಡತಿಗೆ ಹೆದರಿಕೆ. ನನಗೂ ಇದೆ, ಹೇಳಿಕೊಂಡಿಲ್ಲ ಅಷ್ಟೆ. ಇನ್ನೊಂದು ವಿಷಯ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಏನಾದ್ರೂ ತೊಂದರೆ ಉಂಟಾ?

ಪಯಸ್ವಿನಿ ದಡ

ಏಜೆಂಟರ ಮಾತು ಕೇಳಬೇಡಿ. ನಿಮ್ಮ ಹೆಂಡತಿ ಹೆದರಿದ್ದೇ ಸರಿ.

ನಾನು ಕುಂಬಳೆಯವ, ನಾಲ್ಕು ವರ್ಷ ವಾಷಿಂಗ್ಟನ್ನಿನಲ್ಲಿ ವರದಿಗಾರನಾಗಿದ್ದೆ. ಪತ್ರಕರ್ತರಿಗೆ ಅಮೆರಿಕದಲ್ಲಿ ಐ ವೀಸಾ ಅಂತ ಬೇರೆಯೇ ಇದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಣ್ಣನ ಮಕ್ಕಳನ್ನು ಆಡಿಸಬಹುದು, ಸುದ್ದಿ ಮಾಡುವ ಹಾಗಿಲ್ಲ. 2003ರಲ್ಲಿ ಫ್ರಾನ್ಸಿನ ಪತ್ರಕರ್ತರನ್ನೇ ಈ ವೀಸಾ ಇಲ್ಲವೆಂದು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದ ವಾಪಸ್ ಕಳಿಸಿದ್ದರು. ಅವರಿಗೇ ಹಾಗಾದರೆ ಪೆರ್ಲದವರನ್ನು ಬಿಡ್ತಾರಾ?

ಐ ವೀಸಾಕ್ಕೆ ಎಚ್-1ಬಿ ಎಂಬ ಕೆಲಸದ ವೀಸಾದ ಥರ ಲಾಟರಿ ಇಲ್ಲ. ನೀವು ಯಾರಿಗಾಗಿ ಬರೆಯುತ್ತೀರಿ, ದುಡ್ಡು ಯಾರು ಕೊಡುತ್ತಾರೆ, ಇದೇ ಮುಖ್ಯ. ಮಂಗಳೂರಿನವರು ಕೊಟ್ಟು, ಓದುವವರೂ ಇಲ್ಲಿಯವರೇ ಆದರೆ ಸರಿ. ಆದರೆ ಬಿಡಿ ಸುದ್ದಿಗಾರನಿಗೆ ಬರೀ ಪ್ರೆಸ್ ಕಾರ್ಡ್ ಸಾಲದು, ಲಿಖಿತ ಕಾಂಟ್ರಾಕ್ಟ್ ಬೇಕೇ ಬೇಕು. ಅದರಲ್ಲಿ ನಿಮ್ಮ ಹೆಸರು, ಹುದ್ದೆ, ಹೋಗುವ ಉದ್ದೇಶ, ಎಷ್ಟು ದಿನ, ಎಲ್ಲ ಇರಲಿ. ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಮಾಡಿಸಿ.

ವೀಸಾ ಅರ್ಜಿಯ ಡಿಎಸ್-160 ಫಾರ್ಮನ್ನು ಆನ್‌ಲೈನಲ್ಲೇ ತುಂಬಬೇಕು. ಐದು ವರ್ಷದ ಸೋಶಿಯಲ್ ಮೀಡಿಯಾ ಖಾತೆಗಳನ್ನೂ ಕೇಳುತ್ತಾರೆ. ಫೀಸು 185 ಡಾಲರ್, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಸಂದರ್ಶನಕ್ಕೆ ನಾನು ಚೆನ್ನೈಗೆ ಹೋಗಿದ್ದೆ, ಮಂಗಳೂರು ಮೇಲ್ ರೈಲು ಹತ್ತಿ. ಬೆರಳಚ್ಚು, ಫೋಟೊಗೆ ಬೇರೆ ದಿನ ಕೊಟ್ಟಿದ್ದರು, ಆದ್ದರಿಂದ ಒಂದು ರಾತ್ರಿ ಲಾಡ್ಜ್.

ನೀವು ಬರೆದ ಸುದ್ದಿಗಳ ಕಟಿಂಗ್ಸ್ ಒಯ್ಯಿರಿ. ನಾನು ಕೊಟ್ಟ ಪುಟವನ್ನು ಅಧಿಕಾರಿ ತಲೆಕೆಳಗಾಗಿ ಹಿಡಿದುಕೊಂಡು "ಇದರಲ್ಲಿ ನಿನ್ನ ಹೆಸರು ಯಾವುದು?" ಅಂತ ಕೇಳಿದಳು. ಗಾಜಿನ ಈಚೆಯಿಂದ ಬೈಲೈನ್, ಅಂದರೆ ಸುದ್ದಿಯ ಜೊತೆ ಅಚ್ಚಾದ ನನ್ನ ಹೆಸರು ತೋರಿಸಿದೆ. ಅವಳು ಪುಟ ಸರಿ ಮಾಡಿಕೊಂಡು, ಆ ನಾಲ್ಕು ಅಕ್ಷರದ ಮೇಲೆ ಬೆರಳಾಡಿಸಿ ನಕ್ಕಳು. ಆಮೇಲೆ ಕೇಳಿದ್ದು, ಪತ್ರಿಕೆ ಓದುವವರು ಯಾರು, ಸಂಬಳ ಎಲ್ಲಿಂದ ಅಂತ ಮಾತ್ರ.

ಸರ್‌ನೇಮ್ ವಿಷಯ ಸಣ್ಣದಲ್ಲ. ನನಗೂ ಖಾಲಿ ಇತ್ತು. ಆಗ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ. ವೀಸಾದಲ್ಲೂ ಹಾಗೇ ಅಚ್ಚಾಯಿತು. ನಾಲ್ಕು ವರ್ಷ ಬ್ಯಾಂಕಿನಲ್ಲಿ ನಾನು ಮಿಸ್ಟರ್ ಫ್ನೂ! ಸಮಯ ಇದ್ದರೆ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿ. ನಮಗೆಲ್ಲ ಕೋಝಿಕ್ಕೋಡ್ ಪಾಸ್‌ಪೋರ್ಟ್ ಕಚೇರಿಯೇ ತಾನೆ.

ಅಲ್ಲಿಗೆ ಹೋದ ಮೇಲೆ ಒಂದು ಆಸೆ ಹುಟ್ಟುತ್ತದೆ. ಕನ್ನಡ ಕೂಟದವರು "ಸ್ಮರಣ ಸಂಚಿಕೆ ಎಡಿಟ್ ಮಾಡಿಕೊಡಿ, ಕೈಗೆ ಏನಾದರೂ ಕೊಡ್ತೇವೆ" ಅನ್ನುತ್ತಾರೆ. ಅದು ಮಂಗಳೂರಿನವರ ದುಡ್ಡಲ್ಲ, ಆ ಕೆಲಸಕ್ಕೆ ಕೈ ಹಾಕಬೇಡಿ. ಹೋಳಿಗೆ ಕೊಟ್ಟರೆ ತಿನ್ನಿ.

ಬೇಕಲದ ಗಾಳಿ

ಅಮೆರಿಕವೇ ಆಗಬೇಕಾ? ಬ್ರಿಟನ್ನಿಗಾದರೆ, ಊರಲ್ಲೇ ನೆಲೆ ಇಟ್ಟುಕೊಂಡು ಇಲ್ಲಿನ ಪತ್ರಿಕೆಗೆ ಮಾಹಿತಿ ಸಂಗ್ರಹಿಸಲು ವಿಸಿಟರ್ ವೀಸಾದಲ್ಲೇ ಅವಕಾಶ ಇದೆ. ಜಪಾನಿನಲ್ಲಿ ಪತ್ರಕರ್ತರಿಗೆ ಬೇರೆ ವೀಸಾ. ಚೀನಾದಲ್ಲಿ ಜೆ-1, ಜೆ-2 ಅಂತ ಎರಡು, 180 ದಿನದೊಳಗಿನ ಕೆಲಸಕ್ಕೆ ಜೆ-2.

ಪೆರ್ಲದ ಸುದ್ದಿಗಾರ

ಪಯಸ್ವಿನಿ ಅಣ್ಣಾ, ತುಂಬಾ ಉಪಕಾರ ಆಯ್ತು. ಬೇಕಲದವರೇ, ಅಣ್ಣನ ಮನೆ ಲಂಡನ್ನಿನಲ್ಲಿ ಇಲ್ಲವಲ್ಲ! ಹೆಂಡತಿಯನ್ನೂ ಕರೆದೊಯ್ಯಬಹುದಾ? ಆರು ತಿಂಗಳ ಲೆಕ್ಕ ಯಾರು ಇಡುತ್ತಾರೆ?

ಪಯಸ್ವಿನಿ ದಡ

ಹೆಂಡತಿಗೂ 21ರೊಳಗಿನ ಮಕ್ಕಳಿಗೂ ಐ ವೀಸಾ ಸಿಗುತ್ತದೆ, ಆದರೆ ಅವರು ಕೆಲಸ ಮಾಡುವ ಹಾಗಿಲ್ಲ. ನಾನಿದ್ದಾಗ ಇಷ್ಟೇ ದಿನ ಅಂತ ತಾರೀಕು ಹಾಕುತ್ತಿರಲಿಲ್ಲ, ಪತ್ರಿಕೆಯ ಕೆಲಸ ಇರುವಷ್ಟು ದಿನ ಇರಬಹುದಿತ್ತು. 2025ರ ಆಗಸ್ಟಿನಲ್ಲಿ ಅದನ್ನು 240 ದಿನಕ್ಕೆ ಇಳಿಸುವ ಪ್ರಸ್ತಾವ ಬಂತು. ನಿಮಗೆ ಆರೇ ತಿಂಗಳಲ್ವಾ, ಆದರೂ ಹೊರಡುವ ಮೊದಲು ನಿಯಮ ನೋಡಿಕೊಳ್ಳಿ.

ಪೆರ್ಲದ ಸುದ್ದಿಗಾರ

ಇವತ್ತು ಕಾಂಟ್ರಾಕ್ಟ್ ಕೇಳಿದೆ. "ನಮ್ಮೊಳಗೆ ಅದೆಲ್ಲ ಯಾಕೆ?" ಅಂದರು. ಒತ್ತಾಯ ಮಾಡಿದ ಮೇಲೆ ಲೆಟರ್‌ಹೆಡ್‌ನಲ್ಲಿ ಒಂದು ಪುಟ ಕಳಿಸಿದ್ದಾರೆ. ಹೆಸರು, ಹುದ್ದೆ, ಅವಧಿ ಎಲ್ಲ ಇದೆ. ಸಂಬಳದ ಜಾಗದಲ್ಲಿ ಮಾತ್ರ ಒಂದು ಗೀಟು ಎಳೆದಿದ್ದಾರೆ.

ಪಯಸ್ವಿನಿ ದಡ

ಹಾಗಾದರೆ ಚೆನ್ನೈಗೆ ಟಿಕೆಟ್ ಮಾಡಬೇಡಿ. ಮೊದಲು ಮಂಗಳೂರಿಗೆ ಬಸ್ಸು ಹತ್ತಿ, ಆ ಗೀಟಿನ ಜಾಗದಲ್ಲಿ ಒಂದು ಅಂಕಿ ಬರೆಸಿಕೊಂಡು ಬನ್ನಿ.