ವಿಚ್ಛೇದನ ಆದ ಮೇಲೂ ಮಾಜಿ ಗಂಡನ ಸಾಲದ ನೋಟಿಸ್ ನನ್ನ ಮನೆಗೆ ಬರುತ್ತಿದೆ, ಏನು ಮಾಡಲಿ?

ಮೈಸೂರಿನ ಅಮ್ಮ:
ಹೋದ ವರ್ಷ ಫ್ಯಾಮಿಲಿ ಕೋರ್ಟ್‌ನಲ್ಲಿ ಇಬ್ಬರ ಒಪ್ಪಿಗೆ ಮೇಲೆ ವಿಚ್ಛೇದನ ಆಯಿತು. ಮಗಳ ಸ್ಕೂಲ್ ಹತ್ತಿರ ಅಂತ ನಾನು, ನನ್ನ ತಾಯಿ, ಮಗಳು ಅದೇ ಬಾಡಿಗೆ ಮನೆಯಲ್ಲಿದ್ದೇವೆ. ಮಾಜಿ ಗಂಡ ಎಲ್ಲಿದ್ದಾರೋ ಗೊತ್ತಿಲ್ಲ, ಫೋನ್ ಸ್ವಿಚ್ ಆಫ್. ಆದರೆ ಅವರ ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ನೋಟಿಸ್‌ಗಳೆಲ್ಲ ಇಲ್ಲಿಗೇ ಬರುತ್ತಿವೆ. ಲಕೋಟೆ ಮೇಲೆ ದಪ್ಪ ಅಕ್ಷರದಲ್ಲಿ ‘ಲೀಗಲ್ ನೋಟಿಸ್’ ಅಂತ ಇರುತ್ತದೆ, ಕೆಳಗಿನ ಮನೆಯ ಓನರ್ ಆಂಟಿ ಅದನ್ನು ಗೇಟಿನಲ್ಲೇ ಓದಿಕೊಂಡು ತಂದುಕೊಡುತ್ತಾರೆ. ಮೊನ್ನೆ ನಾನು ಆಫೀಸಿನಲ್ಲಿದ್ದಾಗ ಸಾಲ ವಸೂಲಿಯವರು ಇಬ್ಬರು ಬಂದು ನನ್ನ ತಾಯಿಗೆ “ನಿಮ್ಮ ಮಗಳು ಕೆಲಸಕ್ಕೆ ಹೋಗ್ತಾರಲ್ಲ, ತಿಂಗಳಿಗೆ ಸ್ವಲ್ಪ ಸ್ವಲ್ಪ ಕಟ್ಟಲಿ ಬಿಡಿ” ಅಂದರಂತೆ. ತಾಯಿಗೆ ಬಿಪಿ ಇದೆ, ಅವತ್ತಿಂದ ಬೆಲ್ ಆದರೂ ಬಾಗಿಲು ತೆಗೆಯಲು ಹೆದರುತ್ತಾರೆ. ಈ ಸಾಲ ನಾನು ಕಟ್ಟಬೇಕಾ? ನನ್ನ ಸಂಬಳಕ್ಕೆ ಕೈ ಹಾಕಬಹುದಾ? ಈ ಕಾಗದಗಳನ್ನು ಒಡೆದು ನೋಡಲಾ, ಬೇಡವಾ?

ನಿವೃತ್ತ ಬ್ಯಾಂಕ್ ನೌಕರ:
ಮೇಡಂ, ಹೆಂಡತಿ ಆಗಿದ್ದಿರಿ ಅನ್ನುವ ಕಾರಣಕ್ಕೆ ಗಂಡನ ಸಾಲ ನಿಮ್ಮ ತಲೆಗೆ ಬರುವುದಿಲ್ಲ, ಸಂಬಳಕ್ಕೂ ಕೈ ಹಾಕಲು ಆಗುವುದಿಲ್ಲ. ನೀವು ಕೋ-ಅಪ್ಲಿಕೆಂಟ್ (ಜೊತೆ ಅರ್ಜಿದಾರ) ಅಥವಾ ಜಾಮೀನುದಾರರಾಗಿ ಸಹಿ ಹಾಕಿದ್ದರೆ ಮಾತ್ರ ವಿಷಯ ಬೇರೆ, ಆಗ ವಿಚ್ಛೇದನ ಆದರೂ ಬ್ಯಾಂಕ್ ನಿಮ್ಮನ್ನು ಕೇಳಬಹುದು. ಮದುವೆಯಾದ ಹೊಸದರಲ್ಲಿ ಗಂಡ ಹೇಳಿದ ಕಡೆ ಸಹಿ ಹಾಕಿಕೊಟ್ಟವರು ಎಷ್ಟೋ ಜನ ಇದ್ದಾರೆ, ಅದಕ್ಕೇ ನೆನಪನ್ನು ನಂಬಬೇಡಿ, ನಿಮ್ಮ ಹೆಸರಿನಲ್ಲಿರುವ ಸಾಲಗಳನ್ನು ತೋರಿಸುವ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಅಂತ ಈ ರಿಪೋರ್ಟ್ ಕೊಡುವ ಕಂಪನಿಗಳಿವೆ, ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ. ಅವರ ಕಾರ್ಡಿನ ಮೇಲೆ ನಿಮಗೆ ಆ್ಯಡ್-ಆನ್ ಕಾರ್ಡ್ (ಅದೇ ಖಾತೆಗೆ ಮನೆಯವರ ಹೆಸರಿನಲ್ಲಿ ಕೊಡುವ ಹೆಚ್ಚುವರಿ ಕಾರ್ಡ್) ಇತ್ತು ಅಂದರೂ ಹೆದರಬೇಡಿ, ಅದರ ಬಾಕಿ ಮುಖ್ಯ ಕಾರ್ಡುದಾರರದ್ದೇ. ಇನ್ನೊಂದು ಮಾತು, ಕಾಟ ತಪ್ಪಲಿ ಅಂತ ಒಂದು ಸಾವಿರ ಕೂಡ ಕಟ್ಟಬೇಡಿ. ಮನೆಗೆ ಬಂದವರು ಕೊಡುವ ಯಾವ ಕಾಗದಕ್ಕೂ ಸಹಿ ಬೇಡ.

ಮೊದಲು ರಿಕವರಿಯಲ್ಲಿದ್ದವನು:
ನಾನು ಸಾಲ ವಸೂಲಿ ಕೆಲಸ ಮಾಡಿದವನು, ಒಳಗಿನ ಕತೆ ಹೇಳುತ್ತೇನೆ. ಏಜೆಂಟ್ ಕೈಗೆ ಬರುವುದು ಹೆಸರು, ವಿಳಾಸ, ಬಾಕಿ ಇರುವ ಒಂದು ಪಟ್ಟಿ ಅಷ್ಟೇ. ನಿಮ್ಮ ತಾಯಿ “ಅವರು ಇಲ್ಲಿಲ್ಲ” ಅಂದರೆ ಅವನು ಅದನ್ನು ಬರೆದುಕೊಳ್ಳಬಹುದು, ಆದರೆ ಮೂರು ತಿಂಗಳಿಗೆ ಫೈಲ್ ಬೇರೆ ಏಜೆನ್ಸಿಗೆ ಹೋದರೆ ಹೊಸ ಹುಡುಗ ಮತ್ತೆ ಅದೇ ಬಾಗಿಲಿಗೆ ಬರುತ್ತಾನೆ. ಬಾಯಲ್ಲಿ ಹೇಳಿ ಉಪಯೋಗವಿಲ್ಲ. ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಹಾಕಿ, ಹೀಗೆ ಬರೆಯಿರಿ: “ಈ ವ್ಯಕ್ತಿ ಈ ವಿಳಾಸದಲ್ಲಿ ವಾಸವಿಲ್ಲ. ನಾನು ಸಾಲಗಾರಳೂ ಅಲ್ಲ, ಜಾಮೀನುದಾರಳೂ ಅಲ್ಲ. ನಿಮ್ಮ ದಾಖಲೆಯಿಂದ ಈ ವಿಳಾಸ ತೆಗೆಯಿರಿ, ಇನ್ನು ಯಾರನ್ನೂ ಕಳಿಸಬೇಡಿ.” ಲಕೋಟೆಯ ಫೋಟೊ, ಅದರ ಮೇಲಿನ ರೆಫರೆನ್ಸ್ ನಂಬರ್ ಸೇರಿಸಿ. ದೂರಿನ ನಂಬರ್ ಕೇಳಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಖರ್ಚಿಲ್ಲ. ಸಹಾಯವಾಣಿ 14448.

ಯಾರಾದರೂ ಮತ್ತೆ ಬಂದರೆ ಐಡಿ ಕಾರ್ಡ್ ಮತ್ತು ಬ್ಯಾಂಕಿನ ಅಧಿಕಾರ ಪತ್ರ ತೋರಿಸಿ ಅನ್ನಿ. ಬಾಗಿಲ ಚೈನ್ ತೆಗೆಯದೆ ಮಾತಾಡಿದರೆ ಸಾಕು. ಸಾಲಗಾರನ ಮನೆಯವರನ್ನು, ಸ್ನೇಹಿತರನ್ನು ಹೆದರಿಸಬಾರದು, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ಆರ್‌ಬಿಐ 2022ರ ಆಗಸ್ಟ್‌ನಲ್ಲೇ ಹೇಳಿದೆ. ಗಲಾಟೆ ಮಾಡಿದರೆ 112ಕ್ಕೆ ಫೋನ್ ಮಾಡಿ.

ಕೋಲಾರದವನು:
ಕರ್ನಾಟಕದಲ್ಲಿ 2025ರಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಹೊಸ ಕಾನೂನು ಬಂತಲ್ವಾ, ಅದರಲ್ಲಿ ಕೇಸ್ ಹಾಕಿ.

ವಕೀಲೆ, ಧಾರವಾಡ:
ಆ ಕಾನೂನು ಆರ್‌ಬಿಐನಲ್ಲಿ ನೋಂದಣಿ ಆದ ಬ್ಯಾಂಕ್, ಫೈನಾನ್ಸ್ ಕಂಪನಿಗಳಿಗೆ ಅನ್ವಯ ಆಗುವುದಿಲ್ಲ, ಇಲ್ಲಿ ಒಂಬುಡ್ಸ್‌ಮನ್ ದಾರಿಯೇ ಸರಿ.

ಕಾಗದದ ವಿಷಯ. ಅವರೊಬ್ಬರ ಹೆಸರಿನಲ್ಲಿ ಬಂದಿದ್ದರೆ ಒಡೆಯಬೇಡಿ, ಹರಿಯಲೂ ಬೇಡಿ. ಎರಡೂ ಬದಿ ಫೋಟೊ ತೆಗೆದು, ‘ಈ ವಿಳಾಸದಲ್ಲಿ ಇಲ್ಲ’ ಅಂತ ಬರೆದು ಪೋಸ್ಟ್‌ಮ್ಯಾನ್‌ಗೇ ವಾಪಸ್ ಕೊಡಿ. ಸಹಿ ಹಾಕಿ ಪಡೆಯಬೇಕಾದದ್ದನ್ನು ಪಡೆಯಲೇಬೇಡಿ, ಓನರ್ ಆಂಟಿಗೂ ಹೇಳಿಡಿ. ಆದರೆ ನಿಮ್ಮ ಹೆಸರೂ ಅದರಲ್ಲಿದ್ದರೆ ದಯವಿಟ್ಟು ವಾಪಸ್ ಮಾಡಬೇಡಿ! ಅದಕ್ಕೆ ಲಿಖಿತ ಉತ್ತರ ಕೊಡಲೇಬೇಕು. ಕೋರ್ಟ್ ಅಮೀನರು ಸಮನ್ಸ್ ತಂದರೂ ಎಚ್ಚರ. ಆಸಾಮಿ ಸಿಗದಿದ್ದರೆ ಜೊತೆಗೆ ವಾಸವಿರುವ ಮನೆಯವರಿಗೆ ಸಮನ್ಸ್ ಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶ ಇದೆ, ಬಾಗಿಲಿಗೆ ಅಂಟಿಸಿಯೂ ಹೋಗಬಹುದು. ವಿಚ್ಛೇದನದ ಡಿಕ್ರಿ (ಕೋರ್ಟ್ ಆದೇಶದ ಪ್ರತಿ) ತೋರಿಸಿ, ಅವರು ಇಲ್ಲಿ ವಾಸವಿಲ್ಲ ಅಂತ ವರದಿಯಲ್ಲಿ ಬರೆಸಿ. ತಾಯಿಯವರಿಂದ ಸಹಿ ಹಾಕಿಸಿಕೊಳ್ಳಲು ಬಿಡಬೇಡಿ.

ಮೈಸೂರಿನ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಸಿಬಿಲ್ ರಿಪೋರ್ಟ್ ತೆಗೆದೆ, ನನ್ನ ಸ್ಕೂಟರ್ ಲೋನ್ ಬಿಟ್ಟು ಬೇರೇನೂ ಇಲ್ಲ, ತಾಯಿಗೆ ತೋರಿಸಿದೆ. ಉಳಿದ ಮೂರನ್ನೂ ನೋಡುತ್ತೇನೆ. ಇಮೇಲ್ ಹೋಗಿದೆ. ಅದಕ್ಕೆ ಬ್ಯಾಂಕಿನವರು ಡಿಕ್ರಿ ಕಾಪಿ ಪೂರ್ತಿ ಕೇಳುತ್ತಿದ್ದಾರೆ, ಕೊಡಬೇಕಾ?

ವಕೀಲೆ, ಧಾರವಾಡ:
ಪೂರ್ತಿ ಬೇಡ. ಹೆಸರು, ಕೇಸ್ ನಂಬರ್ ಇರುವ ಮೊದಲ ಪುಟ, ವಿಚ್ಛೇದನದ ಆದೇಶ ಇರುವ ಪುಟ ಸಾಕು. ಜೀವನಾಂಶ, ಮಗಳ ವಿಷಯ ಇರುವ ಸಾಲುಗಳನ್ನು ಮುಚ್ಚಿ ಸ್ಕ್ಯಾನ್ ಮಾಡಿ. ನಿಮ್ಮ ಆಧಾರ್, ಸಂಬಳದ ಚೀಟಿ ಕೇಳಿದರೆ ಕೊಡಬೇಡಿ, ನೀವು ಅವರ ಗ್ರಾಹಕರೇ ಅಲ್ಲ.