ಸಹಾಯ ಬೇಕು: ಟ್ಯೂಬ್ ಹಾಲಿನಿಂದ ಎದೆಹಾಲಿಗೆ ಬಂದ ಮಕ್ಕಳ ತಾಯಂದಿರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು 30 ವಾರಕ್ಕೇ ಹುಟ್ಟಿಬಿಟ್ಟಳು. ಆಗ ತೂಕ 1,240 ಗ್ರಾಂ. ದಾವಣಗೆರೆಯ ಒಂದು ಆಸ್ಪತ್ರೆಯ ಎನ್‌ಐಸಿಯುನಲ್ಲಿದ್ದಾಳೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಶ್ವಾಸಕೋಶ ಅರಳಿರಲಿ ಅಂತ ಸರ್ಫ್ಯಾಕ್ಟೆಂಟ್ ಅನ್ನುವ ಔಷಧ ಕೊಟ್ಟು, ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಹಾಕಿದ್ದರು, ಈಗ ತೆಗೆದಿದ್ದಾರೆ. ಉಸಿರಾಡುವುದನ್ನು ಮರೆಯದಿರಲಿ ಅಂತ ಕೆಫೀನ್ ನಡೆಯುತ್ತಿದೆ. ಹೌದು, ಕಾಫಿಯಲ್ಲಿರುವುದೇ! ತೂಕ ಮೊದಲು ಇಳಿಯಿತು, ಈಗ 1,410 ಆಗಿದೆ.

ಹಾಲು ಇನ್ನೂ ಹೊಟ್ಟೆಗೆ ಇಳಿಸಿದ ಟ್ಯೂಬ್‌ನಲ್ಲೇ. ಸಿಸ್ಟರ್ ಸಿರಿಂಜನ್ನು ಸ್ವಲ್ಪ ಮೇಲೆ ಹಿಡಿಯುತ್ತಾರೆ, ನಾನು ಹಿಂಡಿಕೊಟ್ಟ ಹಾಲು ತಾನಾಗೇ ನಿಧಾನಕ್ಕೆ ಇಳಿಯುತ್ತದೆ. ಅಷ್ಟೊತ್ತೂ ಅವಳು ಬಾಯಿ ಚಪ್ಪರಿಸುತ್ತಿರುತ್ತಾಳೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳಲು ಗರ್ಭದ ಲೆಕ್ಕದಲ್ಲಿ 34 ವಾರ ತುಂಬಬೇಕು ಅಂತಾರೆ ಡಾಕ್ಟರ್. ಈಗ 33 ನಡೆಯುತ್ತಿದೆ.

ನಿಮ್ಮ ಮಕ್ಕಳು ಹೇಗೆ ಶುರು ಮಾಡಿದರು? ನಡುವೆ ಪಲಾಡೆ (ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ಬಳಸಿದಿರಾ? ನನಗೆ ಹಾಲು ಕಡಿಮೆಯಾಗುತ್ತಿದೆ, ಅದೇ ದೊಡ್ಡ ಚಿಂತೆ. ಮಗುವನ್ನು ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆ ಮುಗಿದ ಕೂಡಲೇ ಹಿಂಡಿದರೆ ಜಾಸ್ತಿ ಬರುತ್ತದೆ ಅನಿಸುತ್ತದೆ, ನಿಮಗೂ ಹಾಗೇ ಆಗಿತ್ತಾ? ದಾವಣಗೆರೆಯಲ್ಲಿ ಎಲೆಕ್ಟ್ರಿಕ್ ಪಂಪ್ ಬಾಡಿಗೆಗೆ ಸಿಗುತ್ತದಾ?

ಇನ್ನೊಂದು, ಹುಟ್ಟಿ 30 ದಿನದೊಳಗೆ ಆರ್‌ಒಪಿ (ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಬರಬಹುದಾದ ರೆಟಿನಾ ತೊಂದರೆ) ಕಣ್ಣಿನ ಪರೀಕ್ಷೆ ಆಗಬೇಕಲ್ವಾ, ಆಗ ಮಗು ತುಂಬಾ ಅಳುತ್ತದಾ? ತಾಯಿಯನ್ನು ಹತ್ತಿರ ಬಿಡುತ್ತಾರಾ?

ಬಜೆ ತೇಯ್ದು ನೆಕ್ಕಿಸಿ, ಜೇನು ಹಚ್ಚಿ ಅನ್ನುವ ಸಲಹೆ ಮಾತ್ರ ಬೇಡ. ಅದು ನಮ್ಮತ್ತೆಯಿಂದಲೇ ಸಾಕಷ್ಟು ಸಿಕ್ಕಿದೆ. ರಾತ್ರಿ ಹಾಲು ಹಿಂಡಲು ಹೇಗೂ ಎದ್ದಿರುತ್ತೇನೆ, ಯಾವಾಗ ಬೇಕಾದರೂ ಬರೆಯಿರಿ.