ಚಂಡಮಾರುತದ ನಕ್ಷೆಯಲ್ಲಿ ‘ಶಂಕು’: ಈ ಪದ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹವಾಮಾನ ನಕ್ಷೆಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ಒಂದು ಪದದ ಬಳಿ ಕೈ ನಿಂತಿದೆ. ಚಂಡಮಾರುತದ ಮುನ್ಸೂಚನೆಯ ನಕ್ಷೆಯಲ್ಲಿ, ಅದರ ಈಗಿನ ನೆಲೆಯಿಂದ ಹೊರಟು ಮುಂದೆ ಹೋದಂತೆ ಅಗಲವಾಗುವ ಪಟ್ಟೆಯನ್ನು ನೋಡಿರುತ್ತೀರಿ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ 2002ರಲ್ಲಿ ಬಳಕೆಗೆ ತಂದ ಈ ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ಕೋನ್ ಆಫ್ ಅನ್‌ಸರ್ಟನ್ಟಿ’ ಎನ್ನುತ್ತಾರೆ. ನಾನು ‘ಅನಿಶ್ಚಿತತೆಯ ಶಂಕು’ ಎಂದು ಬರೆದೆ. ಕರಡು ಓದಿದ ಹಿರಿಯರೊಬ್ಬರು ಕೇಳಿದರು: “ಗಾಳಿ ಬರುಬರುತ್ತಾ ಇಷ್ಟು ದೊಡ್ಡದಾಗುತ್ತದೆಯೇ?”

ಕಣ್ಣಿಗೆ ಹಾಗೆಯೇ ಕಾಣುತ್ತದೆ, ಆದರೆ ಆ ಅಗಲ ಚಂಡಮಾರುತದ ಗಾತ್ರವಲ್ಲ. ಹಿಂದಿನ 5 ವರ್ಷಗಳ ಮುನ್ಸೂಚನೆಗಳು ಎಷ್ಟು ದೂರ ತಪ್ಪಿದ್ದವು ಎಂದು ಲೆಕ್ಕ ಹಾಕುತ್ತಾರೆ. ಆ ತಪ್ಪುಗಳಲ್ಲಿ ಮೂರರಲ್ಲಿ ಎರಡು ಪಾಲು ಒಳಗೆ ಬೀಳುವಂತೆ ಹಾದಿಯುದ್ದಕ್ಕೂ ವೃತ್ತಗಳನ್ನು ಎಳೆದು, ಅಂಚುಗಳನ್ನು ಕೂಡಿಸಿದರೆ ಈ ಆಕಾರ ಬರುತ್ತದೆ. ಉಳಿದ ಒಂದು ಪಾಲು ಸಲ ಚಂಡಮಾರುತದ ಕೇಂದ್ರವೇ ಗೆರೆಯಾಚೆ ಹೋಗಬಹುದು. ಮಳೆ, ಗಾಳಿ, ಕಡಲಿನ ಉಬ್ಬರಗಳಂತೂ ಈ ಗೆರೆಯನ್ನು ಕೇಳುವುದೇ ಇಲ್ಲ. ಆದರೂ ಗಟ್ಟಿ ಗೆರೆಯನ್ನು ಕಂಡೊಡನೆ ಹೊರಗಿರುವವರು ತಾವು ಕ್ಷೇಮ ಎಂದುಕೊಳ್ಳುತ್ತಾರೆ. ಜೀವದ ವಿಷಯವಾದ್ದರಿಂದ, ಚಿತ್ರ ಹುಟ್ಟಿಸುವ ಭ್ರಮೆಯನ್ನು ಪದವಾದರೂ ಬಿಡಿಸಬೇಕು. ಒಂದೇ ಉಷ್ಣತೆಯ ಜಾಗಗಳನ್ನು ಕೂಡಿಸುವ ಸಮೋಷ್ಣ ರೇಖೆ, ಒಂದೇ ವಾಯುಭಾರದ ಜಾಗಗಳನ್ನು ಕೂಡಿಸುವ ಸಮಭಾರ ರೇಖೆ ಎಂಬ ಪದಗಳನ್ನು ನೋಡಿ: ಗೆರೆ ಏನನ್ನು ಹೇಳುತ್ತದೆ ಎಂಬುದು ಹೆಸರಿನಲ್ಲೇ ಇದೆ.

‘ಶಂಕು’ ಎಂದರೆ ಶಾಲೆಯ ಗಣಿತದಲ್ಲಿ ಘನಾಕೃತಿ. ಹಳೆಯ ಅರ್ಥ ಗೂಟ; ಶಂಕುಸ್ಥಾಪನೆಯಲ್ಲಿರುವುದು ಅದೇ. ಅತ್ತಿತ್ತ ಸರಿಯಬಹುದಾದ ಹಾದಿಗೆ ನೆಟ್ಟ ಗೂಟದ ಹೆಸರೇಕೆ? ‘ಅನಿಶ್ಚಿತತೆ’ ಎಂದರೂ ತೊಡಕೇ. ಅಳೆದು ಎಳೆದ ಗೆರೆಗೆ ‘ಏನೂ ಗೊತ್ತಿಲ್ಲ’ ಎಂಬ ಧ್ವನಿ ಅಂಟಿಕೊಳ್ಳುತ್ತದೆ.

ನನಗೆ ಹೊಳೆದಿರುವುದು ‘ಹಾದಿಯ ಹರವು’. ಕಿವಿಗೂ ಹಿತವಾಗಿದೆ. ಅಳುಕು ಒಂದೇ: ಅವಸರದಲ್ಲಿ ಯಾರಾದರೂ ಇದನ್ನು ‘ಚಂಡಮಾರುತದ ಹರವು’ ಎಂದು ಬರೆದರೆ ಹಿರಿಯರ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ‘ಸಂಭವನೀಯ ಪಥವಲಯ’ಕ್ಕೆ ಆ ಅಪಾಯವಿಲ್ಲ, ಆದರೆ ‘ವಲಯ’ ಎಂದಕೂಡಲೇ ಒಳಗೆ, ಹೊರಗೆ ಎಂಬ ಬೇಲಿ ಬಂದುಬಿಡುತ್ತದೆ.

‘ಹಾದಿಯ ಹರವು’ ಎಂದು ಓದಿದಾಗ ನಿಮ್ಮ ಮನಸ್ಸಿಗೆ ಮೊದಲು ಬಂದದ್ದು ದಾರಿಯೋ, ಗಾಳಿಯ ಗಾತ್ರವೋ? ಇನ್ನೊಂದು ಮಾತು: ಗಟ್ಟಿ ಗೆರೆಯ ಬದಲು ಬಣ್ಣ ಮೆಲ್ಲಗೆ ತೆಳುವಾಗುತ್ತಾ ಮುಗಿಯುವ ಅಂಚಿಗೆ ನಿಮ್ಮ ಕಡೆ ಯಾವ ಪದವಿದೆ? ಸದ್ಯಕ್ಕೆ ‘ಕರಗುವ ಅಂಚು’ ಎಂದು ಬರೆದಿಟ್ಟಿದ್ದೇನೆ.